ಮುಂಬಯಿ–ಬೆಂಗಳೂರು: ಬಿಸಿನೆಸ್ ಕ್ಲಾಸಿಗೆ ಕೊಟ್ಟ ಹಣ ಎಲ್ಲಿ ದಕ್ಕುತ್ತದೆ, ಎಲ್ಲಿ ದಕ್ಕುವುದಿಲ್ಲ

ಭಾರತದೊಳಗಿನ ವಿಮಾನಗಳಲ್ಲಿ ಜನ ಫಸ್ಟ್ ಕ್ಲಾಸ್ ಎಂದು ಕರೆಯುವುದು ಬಹುಮಟ್ಟಿಗೆ ಬಿಸಿನೆಸ್ ಕ್ಲಾಸನ್ನೇ. ಒಂದು ಕಾಲದಲ್ಲಿ ಕಿಂಗ್‌ಫಿಷರ್ ತನ್ನ ಮುಂಭಾಗದ ಆಸನಗಳಿಗೆ ಕಿಂಗ್‌ಫಿಷರ್ ಫಸ್ಟ್ ಎಂದೇ ಹೆಸರಿಟ್ಟಿತ್ತು. ಆ ಸಂಸ್ಥೆ 2012ರಲ್ಲಿ ನಿಂತುಹೋಯಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು, ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಇಂದು ಮುಂಬಯಿಯಿಂದ ದೇಶದೊಳಗೆ ಹೊರಟವರು ಮುಂದಿನ ಸಾಲುಗಳಲ್ಲಿ ಕೂರಬೇಕೆಂದರೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಏರ್ ಇಂಡಿಯಾದ ಬಿಸಿನೆಸ್ ಕ್ಲಾಸ್. ಇನ್ನೊಂದು, 2006ರಿಂದ ಒಂದೇ ದರ್ಜೆಯನ್ನು ನೆಚ್ಚಿಕೊಂಡಿದ್ದ ಇಂಡಿಗೋ 2024ರ ನವೆಂಬರ್ 14ರಂದು ಮುಂಬಯಿ–ದೆಹಲಿ ಮಾರ್ಗದಲ್ಲಿ ಆರಂಭಿಸಿದ ಸ್ಟ್ರೆಚ್ ಎಂಬ ಬಿಸಿನೆಸ್ ದರ್ಜೆ.

ಮುಂಬಯಿಯ ಮುಲುಂಡಿನಲ್ಲಿ ಮನೆ, ಬೆಂಗಳೂರಿನಲ್ಲಿ ಅಮ್ಮ ಮತ್ತು ಕಚೇರಿಯ ಅರ್ಧ ಕೆಲಸ ಇರುವುದರಿಂದ ಮುಂಬಯಿ–ಬೆಂಗಳೂರು ಮಾರ್ಗದಲ್ಲಿ ಓಡಾಡುವುದು ನನಗೆ ತಪ್ಪಿದ್ದಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಾಲ್ಕು ಬಗೆಯ ಆಸನಗಳಲ್ಲೂ ಕುಳಿತು ನೋಡಿದ್ದೇನೆ: ಸಾಮಾನ್ಯ ಎಕಾನಮಿ, ಎಕಾನಮಿಯಲ್ಲೇ ಹೆಚ್ಚುವರಿ ಹಣ ಕೊಟ್ಟು ಪಡೆಯುವ ಮೊದಲ ಸಾಲಿನ ಅಥವಾ ತುರ್ತು ನಿರ್ಗಮನದ ಸಾಲಿನ ಆಸನ, ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ದರ್ಜೆಯಾದ ಪ್ರೀಮಿಯಂ ಎಕಾನಮಿ, ಮತ್ತು ಬಿಸಿನೆಸ್. ಕೆಲವು ಸಲ ಹಣ ಕಚೇರಿಯದು, ಕೆಲವು ಸಲ ನನ್ನದು. ಈ ವ್ಯತ್ಯಾಸ ಹೋಲಿಕೆಯ ಫಲಿತಾಂಶವನ್ನೇ ಬದಲಿಸಿಬಿಡುವುದರಿಂದ ಬೆಲೆಯಿಂದಲೇ ಆರಂಭಿಸುತ್ತೇನೆ.

ಎರಡು ಮೂರು ವಾರ ಮೊದಲೇ ಟಿಕೆಟ್ ಕೊಂಡಾಗ ಮುಂಬಯಿ–ಬೆಂಗಳೂರು ಎಕಾನಮಿಗೆ ನಾನು ಕೊಟ್ಟದ್ದು ಐದಾರು ಸಾವಿರ ರೂಪಾಯಿ. ಪ್ರೀಮಿಯಂ ಎಕಾನಮಿಗೆ ಎಂಟೊಂಬತ್ತು ಸಾವಿರ. ಬಿಸಿನೆಸ್‌ಗೆ ಇಪ್ಪತ್ತು ಸಾವಿರದ ಆಸುಪಾಸು. ಇಂಡಿಗೋ ತನ್ನ ಸ್ಟ್ರೆಚ್ ಆಸನಗಳಿಗೆ ಆರಂಭದಲ್ಲಿ ಘೋಷಿಸಿದ ಕನಿಷ್ಠ ದರ ₹18,018. ಈ ದರಗಳು ದಿನಕ್ಕೊಮ್ಮೆ ಮೇಲೆ ಕೆಳಗೆ ಆಗುತ್ತವೆಯಾದರೂ, ಎಕಾನಮಿಗೆ ಒಂದು ಪಾಲು ಕೊಟ್ಟರೆ ಬಿಸಿನೆಸ್‌ಗೆ ಮೂರೂವರೆ ನಾಲ್ಕು ಪಾಲು ಕೊಡಬೇಕು ಎಂಬ ಅಂದಾಜು ಹೆಚ್ಚು ತಪ್ಪುವುದಿಲ್ಲ.

ಇದರ ಮೇಲೆ ತೆರಿಗೆ ಬೇರೆ. ಎಕಾನಮಿ ಟಿಕೆಟ್ಟಿನ ಜಿಎಸ್‌ಟಿ ಶೇ 5. ಉಳಿದ ಎಲ್ಲ ದರ್ಜೆಗಳಿಗೆ ಮೊದಲು ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಮೂಲ ದರ ₹5,000 ಇರುವ ಎಕಾನಮಿ ಟಿಕೆಟ್ಟಿಗೆ ತೆರಿಗೆ ₹250. ಮೂಲ ದರ ₹18,000 ಇರುವ ಬಿಸಿನೆಸ್ ಟಿಕೆಟ್ಟಿಗೆ ₹3,240. ಅಂದರೆ ಮುಂದೆ ಕೂತವರು ಕಟ್ಟುವ ತೆರಿಗೆಯೊಂದರಲ್ಲೇ ಹಿಂದಿನವರ ಟಿಕೆಟ್ಟಿನ ಅರ್ಧಕ್ಕಿಂತ ಹೆಚ್ಚು ಬಂದುಹೋಗುತ್ತದೆ. ಜಿಎಸ್‌ಟಿ ನೋಂದಣಿ ಇರುವ ಕಂಪನಿಯು ಕೆಲಸದ ಪ್ರಯಾಣಕ್ಕೆ ಕಟ್ಟಿದ ಈ ತೆರಿಗೆಯನ್ನು ತಾನು ಕೊಡಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ತಂಗಿಯ ಮಗಳ ಮದುವೆಗೆ ಸ್ವಂತ ಹಣದಲ್ಲಿ ಹೊರಟವರಿಗೆ ಆ ಅನುಕೂಲವಿಲ್ಲ. ಬಿಸಿನೆಸ್ ಕ್ಲಾಸಿನ ಪಕ್ಕದ ಆಸನದಲ್ಲಿ ಕೂತವರ ಟಿಕೆಟ್ಟಿಗೂ ನಿಮ್ಮ ಟಿಕೆಟ್ಟಿಗೂ ಒಂದೇ ಬೆಲೆ ನಮೂದಾಗಿದ್ದರೂ, ಅವರ ಕಂಪನಿಗೆ ತಗಲಿದ್ದು ನಿಮ್ಮ ಜೇಬಿಗೆ ತಗಲಿದ್ದಕ್ಕಿಂತ ಕಡಿಮೆ.

ಇನ್ನು ಆಸನ. ಈ ವಿಷಯದಲ್ಲಿ ವ್ಯತ್ಯಾಸ ನಿಜವಾದದ್ದು. ಮೂರು ದರ್ಜೆಗಳಿರುವ ಏರ್ ಇಂಡಿಯಾದ ಎ320 ನಿಯೋ ವಿಮಾನದಲ್ಲಿ 8 ಬಿಸಿನೆಸ್, 24 ಪ್ರೀಮಿಯಂ ಎಕಾನಮಿ ಮತ್ತು 132 ಎಕಾನಮಿ ಆಸನಗಳಿವೆ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ಅಂತರ ಎಕಾನಮಿಯಲ್ಲಿ 28ರಿಂದ 29 ಅಂಗುಲ, ಪ್ರೀಮಿಯಂ ಎಕಾನಮಿಯಲ್ಲಿ 32, ಬಿಸಿನೆಸ್‌ನಲ್ಲಿ 40. ಇಂಡಿಗೋದ ಸ್ಟ್ರೆಚ್‌ನಲ್ಲಿ ಇದು 38 ಅಂಗುಲ, ಅಲ್ಲಿ ಆಸನಗಳು 12. ಕಾಗದದ ಮೇಲೆ ಮೂರು ನಾಲ್ಕು ಅಂಗುಲ ಎಂದರೆ ಏನೂ ಅಲ್ಲವೆನಿಸುತ್ತದೆ. ನನ್ನಂತೆ ಆರಡಿಗೆ ಹತ್ತಿರ ಎತ್ತರ ಇರುವವರು ಎಕಾನಮಿಯಲ್ಲಿ ಬೆನ್ನನ್ನು ಪೂರ್ತಿ ಹಿಂದಕ್ಕೆ ಒತ್ತಿ ಕೂತರೂ, ಮುಂದಿನ ಆಸನದ ಬೆನ್ನಿನ ಚೀಲದಲ್ಲಿರುವ ಸುರಕ್ಷತಾ ಕಾರ್ಡಿನ ಗಟ್ಟಿ ಅಂಚು ಮೊಣಕಾಲ ಚಿಪ್ಪಿಗೆ ಸರಿಯಾಗಿ ಒತ್ತುತ್ತಿರುತ್ತದೆ. ಆ ಆಸನದವರು ಬೆನ್ನು ವಾಲಿಸಿದರೆ ಕಾಲನ್ನು ನಡುದಾರಿಯ ಕಡೆಗೆ ಓರೆಯಾಗಿಸಿ ಕೂರಬೇಕು, ಆಗ ಊಟದ ಗಾಡಿ ಬಂದು ಪಾದಕ್ಕೆ ತಗಲುತ್ತದೆ. ಪ್ರೀಮಿಯಂ ಎಕಾನಮಿಯಲ್ಲಿ ಅದೇ ಕಾಲಿಗೂ ಮುಂದಿನ ಆಸನಕ್ಕೂ ನಡುವೆ ಒಂದು ಅಂಗೈ ಅಗಲದಷ್ಟು ಜಾಗ ಉಳಿಯುತ್ತದೆ. ಆ ಅಂಗೈ ಅಗಲವೇ ಮೊದಲ ದೊಡ್ಡ ಜಿಗಿತ. 32ರಿಂದ 40ಕ್ಕೆ ಹೋದಾಗ ಸಿಗುವುದು ಎರಡನೆಯ ಜಿಗಿತ, ಅದು ನನ್ನ ಅನುಭವದಲ್ಲಿ ಮೊದಲಿನಷ್ಟು ದೊಡ್ಡದಲ್ಲ.

ಅಗಲದ ಲೆಕ್ಕ ಬೇರೆ. ಪ್ರೀಮಿಯಂ ಎಕಾನಮಿಯಲ್ಲಿಯೂ ಈ ಸಣ್ಣ ವಿಮಾನಗಳಲ್ಲಿ ಒಂದು ಬದಿಗೆ ಮೂರು ಆಸನಗಳೇ. ನಡುವಿನ ಆಸನ ಸಿಕ್ಕರೆ ಎರಡೂ ಮೊಣಕೈಗಳ ಜಗಳ ತಪ್ಪುವುದಿಲ್ಲ. ಬಿಸಿನೆಸ್‌ನಲ್ಲಿ ಬದಿಗೆ ಎರಡೇ ಆಸನ, ಅವುಗಳ ನಡುವೆ ಅಗಲವಾದ ಕೈಯಾನಿಕೆ. ಲ್ಯಾಪ್‌ಟಾಪ್ ತೆರೆದು ನಿಜವಾಗಿ ಕೆಲಸ ಮಾಡಲು ಸಾಧ್ಯವಾಗುವುದು ಅಲ್ಲಿ ಮಾತ್ರ. ಎಕಾನಮಿಯಲ್ಲಿ ಮುಂದಿನವರು ವಾಲಿದ ಕೂಡಲೇ ಪರದೆ ಅರ್ಧ ಮಡಚಿಕೊಳ್ಳುತ್ತದೆ. ಆದರೆ ಈ ವಿಮಾನಗಳ ಬಿಸಿನೆಸ್ ಆಸನ ಮಲಗುವ ಆಸನವಲ್ಲ ಎಂಬುದನ್ನು ನೆನಪಿಡಬೇಕು. ಅದು ಸುಮಾರು 7 ಅಂಗುಲ ಹಿಂದಕ್ಕೆ ವಾಲುತ್ತದೆ, ಅಷ್ಟೇ. ವಿದೇಶ ಪ್ರಯಾಣದಲ್ಲಿ ಹಾಸಿಗೆಯಾಗುವ ಆಸನಗಳನ್ನು ಕಂಡವರು ಅದೇ ನಿರೀಕ್ಷೆಯಿಂದ ಇಲ್ಲಿ ಹಣ ಕೊಟ್ಟರೆ ನಿರಾಶರಾಗುತ್ತಾರೆ.

ಎಕಾನಮಿಯೊಳಗೇ ಕೊಳ್ಳಬಹುದಾದ ವಿಶಾಲ ಆಸನಗಳಿಗೆ ಸೀಟಿನ ಶುಲ್ಕವೆಂದು ಇನ್ನಷ್ಟು ನೂರುಗಳನ್ನು, ಬೇಡಿಕೆಯಿರುವ ದಿನಗಳಲ್ಲಿ ಸಾವಿರಕ್ಕೂ ಮೇಲೆ, ಕೊಡಬೇಕಾಗುತ್ತದೆ. ಇವುಗಳಲ್ಲಿ ಎಲ್ಲವೂ ಒಂದೇ ಅಲ್ಲ. ಮೊದಲ ಸಾಲಿನಲ್ಲಿ ಮುಂದೆ ಯಾರೂ ಇರುವುದಿಲ್ಲ, ಹೀಗಾಗಿ ಯಾರೂ ನಿಮ್ಮ ಮೇಲೆ ವಾಲುವುದಿಲ್ಲ. ಆದರೆ ಊಟದ ತಟ್ಟೆಯ ಹಲಗೆ ಕೈಯಾನಿಕೆಯ ಒಳಗಿನಿಂದ ಬರಬೇಕಾದ್ದರಿಂದ ಆಸನ ಸ್ವಲ್ಪ ಕಿರಿದು, ಕೈಯಾನಿಕೆಯನ್ನು ಮೇಲೆತ್ತಲೂ ಬರುವುದಿಲ್ಲ. ಜೊತೆಗೆ, ಏರುವಾಗ ಮತ್ತು ಇಳಿಯುವಾಗ ಕೈಚೀಲವನ್ನು ಕಾಲ ಬಳಿ ಇಟ್ಟುಕೊಳ್ಳಲು ಬಿಡುವುದಿಲ್ಲ. ತುರ್ತು ನಿರ್ಗಮನದ ಸಾಲಿಗೂ ಕೈಚೀಲದ ನಿಯಮ ಅದೇ. ಮಕ್ಕಳು, ಗರ್ಭಿಣಿಯರು, ಓಡಾಡಲು ಕಷ್ಟವಿರುವ ಹಿರಿಯರು ಅಲ್ಲಿ ಕೂರುವಂತಿಲ್ಲ. ಅಂತಹ ಸಾಲುಗಳು ಎರಡಿರುವ ವಿಮಾನದಲ್ಲಿ ಮುಂದಿನ ಸಾಲಿನ ಬೆನ್ನು ಸಾಮಾನ್ಯವಾಗಿ ವಾಲುವುದಿಲ್ಲ; ಹಿಂದಿನ ಸಾಲಿನದು ವಾಲುತ್ತದೆ. ಒಂದೇ ಬೆಲೆಗೆ ಎರಡು ಸಾಲುಗಳೂ ತೋರುತ್ತಿದ್ದರೆ ಹಿಂದಿನದನ್ನೇ ಆರಿಸಬೇಕು. ಒಬ್ಬನೇ ಹೊರಟಾಗ, ಕಾಲಿನ ಜಾಗವಷ್ಟೇ ಬೇಕೆಂದಾಗ, ನಾಲ್ಕು ಆಯ್ಕೆಗಳಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಕೊಟ್ಟದ್ದು ಇದೇ. ತೆರಿಗೆಯ ದೃಷ್ಟಿಯಿಂದಲೂ ಟಿಕೆಟ್ಟು ಎಕಾನಮಿಯದ್ದಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ಅನುಕೂಲ ಎಷ್ಟು ಹೊತ್ತಿಗೆ ಎಂಬುದು ಮುಂದಿನ ಪ್ರಶ್ನೆ. ವೇಳಾಪಟ್ಟಿಯ ಪ್ರಕಾರ ಮುಂಬಯಿಯಿಂದ ಬೆಂಗಳೂರಿಗೆ ಒಂದೂಮುಕ್ಕಾಲು ಗಂಟೆಯ ಆಚೀಚೆ. ಇದರಲ್ಲಿ ಮುಂಬಯಿಯ ರನ್‌ವೇಗೆ ಸರದಿ ಕಾಯುವ ಹೊತ್ತೂ ಸೇರಿದೆ. ಒಂದನ್ನೊಂದು ಅಡ್ಡಹಾಯುವ ಎರಡು ರನ್‌ವೇಗಳಿರುವ ಈ ನಿಲ್ದಾಣದಲ್ಲಿ ವಾಸ್ತವದಲ್ಲಿ ಒಂದು ಹೊತ್ತಿಗೆ ಒಂದೇ ರನ್‌ವೇ ಕೆಲಸ ಮಾಡುವುದರಿಂದ ಸರದಿ ಚಿಕ್ಕದಾಗಿರುವುದಿಲ್ಲ. ಮೇಲೇರುವ, ಕೆಳಗಿಳಿಯುವ ಅವಧಿಯನ್ನು ತೆಗೆದರೆ ಬೆಲ್ಟ್ ಬಿಚ್ಚಿ, ಬೆನ್ನು ವಾಲಿಸಿ, ತಿಂಡಿ ಮುಗಿಸಿ, ಕೆಲಸ ಮಾಡಲು ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ. ಬಿಸಿನೆಸ್ ಮತ್ತು ಎಕಾನಮಿಯ ನಡುವಿನ ಅಂತರ ಹದಿನಾಲ್ಕು ಹದಿನೈದು ಸಾವಿರವೆಂದು ಹಿಡಿದರೆ, ಆ ಹಣವೆಲ್ಲ ಈ ಒಂದು ಗಂಟೆಯ ಮೇಲೆ ಬೀಳುತ್ತದೆ. ದೆಹಲಿಯ ಹಾರಾಟ ಎರಡು ಗಂಟೆಗೂ ಸ್ವಲ್ಪ ಹೆಚ್ಚಾದ್ದರಿಂದ ಲೆಕ್ಕ ಕೊಂಚ ಸುಧಾರಿಸುತ್ತದೆ. ಗೋವಾಕ್ಕೆ ಹೋಗುವವರ ಮಟ್ಟಿಗೆ ಹಾಸ್ಯಾಸ್ಪದವಾಗುತ್ತದೆ: ಬಿಸಿ ಟವೆಲ್ ಕೊಟ್ಟು ವಾಪಸು ಪಡೆಯುವಷ್ಟರಲ್ಲಿ ಇಳಿಯುವ ಘೋಷಣೆ ಬಂದಿರುತ್ತದೆ.

ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮವೊಂದು ಮುಗಿದು ಕಾಫಿ ಕುಡಿಯುತ್ತಿದ್ದಾಗ ಈ ವಿಚಾರ ಬಂತು. ಹೋಟೆಲ್ ಉದ್ಯಮದಲ್ಲೇ ಕೂದಲು ನೆರೆತ ಹಿರಿಯರೊಬ್ಬರು, “ಮುಂದೆ ಕೂತವನೂ ಹಿಂದೆ ಕೂತವನೂ ಕಡೆಗೆ ಪೆಟ್ಟಿಗೆ ಕಾಯುವುದು ಒಂದೇ ಬೆಲ್ಟಿನ ಮುಂದೆ ಅಲ್ಲವಾ ಮಾರಾಯ್ರೆ” ಎಂದರು. ನಗುತ್ತ ಹೇಳಿದರೂ ಮಾತು ತೂಕದ್ದು. ಬಿಸಿನೆಸ್ ಟಿಕೆಟ್ಟಿನ ಬೆಲೆಯಲ್ಲಿ ದೊಡ್ಡ ಭಾಗ ನೆಲದ ಮೇಲಿನ ಸೌಲಭ್ಯಗಳದು: ಬೇರೆ ಕೌಂಟರ್, ಲೌಂಜ್, ಮೊದಲು ಹತ್ತುವ ಅವಕಾಶ, ಹೆಚ್ಚು ತೂಕದ ಲಗೇಜು, ಆ ಲಗೇಜಿಗೆ ಆದ್ಯತೆಯ ಚೀಟಿ. ಇವುಗಳನ್ನು ಒಂದೊಂದಾಗಿ ನೋಡಿದರೆ ಹಲವು ಈಗ ಎಕಾನಮಿಯವರಿಗೂ ದಕ್ಕುತ್ತಿವೆ.

ಲೌಂಜನ್ನೇ ತೆಗೆದುಕೊಳ್ಳಿ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಎರಡು ರೂಪಾಯಿ ಕಡಿತವಾಗಿ ಬಾಗಿಲು ತೆರೆಯುವ ವ್ಯವಸ್ಥೆ ನಮ್ಮ ಊರುಗಳಲ್ಲಿ ಎಷ್ಟು ಬೆಳೆದಿದೆಯೆಂದರೆ, ಬೆಳಗಿನ ಹೊತ್ತು ಮುಂಬಯಿಯ ಎರಡನೇ ಟರ್ಮಿನಲ್‌ನಲ್ಲಿ ಲೌಂಜಿನ ಮುಂದಿನ ಸಾಲು ಗೇಟಿನ ಮುಂದಿನ ಸಾಲಿಗಿಂತ ಉದ್ದವಿರುತ್ತದೆ. ಕಾರ್ಡ್ ಕಂಪನಿಗಳು ಈಗ ಮೂರು ತಿಂಗಳಿಗೆ ಇಷ್ಟು ಖರ್ಚು ಮಾಡಿರಬೇಕೆಂಬ ಷರತ್ತು ಹಾಕತೊಡಗಿದ್ದರೂ ಸಾಲು ಕರಗಿದ್ದನ್ನು ನಾನು ಕಂಡಿಲ್ಲ. ಬಿಸಿನೆಸ್ ಟಿಕೆಟ್ಟಿನವರೂ ಕಾರ್ಡಿನವರೂ ಒಂದೇ ಕೋಣೆಯಲ್ಲಿ, ಒಂದೇ ಇಡ್ಲಿ ಪಾತ್ರೆಯ ಮುಂದೆ ನಿಲ್ಲುವ ಸ್ಥಿತಿ ಹಲವು ಕಡೆ ಇದೆ. ನಿಲ್ದಾಣದ ಒಳಗೆ ಹೋಗುವಾಗಿನ ಸಾಲನ್ನು, ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ಚಿಕ್ಕದಾಗಿಸಿದೆ, ಅದಕ್ಕೆ ದುಡ್ಡಿಲ್ಲ. ಸುರಕ್ಷತಾ ತಪಾಸಣೆಯಲ್ಲಿ ಆದ್ಯತೆಯ ಸಾಲು ಇದ್ದಾಗಲೂ ಟ್ರೇಗಳು ಕೊನೆಗೆ ಸೇರುವುದು ಅದೇ ಎಕ್ಸ್‌ರೇ ಯಂತ್ರಕ್ಕೆ.

ಮೊದಲು ಹತ್ತುವ ಅವಕಾಶದ ಬಗ್ಗೆ ನನಗೆ ಎಂದೂ ಒಲವು ಹುಟ್ಟಲಿಲ್ಲ. ಎ320ಕ್ಕೆ, ನಿಲ್ದಾಣದಿಂದ ವಿಮಾನಕ್ಕೆ ನಡೆದುಹೋಗುವ ಏರೋಬ್ರಿಜ್ ಜೋಡಿಸುವುದು ಮುಂದಿನ ಬಾಗಿಲಿಗೆ. ಮೊದಲು ಹೋಗಿ ನಡುದಾರಿಯ ಆಸನದಲ್ಲಿ ನಿಂಬೆ ಪಾನಕ ಹಿಡಿದು ಕೂತವರ ತೋಳಿಗೆ, ಹಿಂದೆ ಹೋಗುವ ನೂರೈವತ್ತು ಜನರ ಬೆನ್ನುಚೀಲಗಳು ಒಂದೊಂದಾಗಿ ಸವರಿಕೊಂಡು ಹೋಗುತ್ತವೆ. ತಲೆಯ ಮೇಲಿನ ಗೂಡಿನಲ್ಲಿ ಜಾಗ ಖಚಿತವಾಗಿರುವುದು ಮಾತ್ರ ನಿಜವಾದ ಲಾಭ. ಇಳಿಯುವಾಗ ಮೊದಲಿಗರಾಗುವುದು ಒಳ್ಳೆಯದೇ, ಕೈಚೀಲವೊಂದೇ ಇದ್ದರೆ. ಪೆಟ್ಟಿಗೆ ಕೊಟ್ಟಿದ್ದರೆ ಆ ಹಿರಿಯರು ಹೇಳಿದ ಬೆಲ್ಟು ಕಾದಿರುತ್ತದೆ. ಆದ್ಯತೆಯ ಕೆಂಪು ಚೀಟಿ ಅಂಟಿಸಿದ್ದ ನನ್ನ ಪೆಟ್ಟಿಗೆ ಒಮ್ಮೆ ಬೆಂಗಳೂರಿನಲ್ಲಿ ಬೆಲ್ಟು ಬಹುತೇಕ ಖಾಲಿಯಾದ ಮೇಲೆ ಬಂತು. ಸಂಸ್ಥೆಯ ಹೆಸರು ಬೇಡ, ಯಾವ ಸಂಸ್ಥೆಯಲ್ಲೂ ಆಗಬಹುದಾದದ್ದು.

ಲಗೇಜಿನ ತೂಕ ಮಾತ್ರ ಕೆಲವರಿಗೆ ನಿರ್ಣಾಯಕ. ಎಕಾನಮಿಯ ಸಾಮಾನ್ಯ ಮಿತಿ 15 ಕಿಲೋ, ಜೊತೆಗೆ 7 ಕಿಲೋದ ಕೈಚೀಲ. ಊರಿನಿಂದ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿ ಭರಣಿಗಳೊಂದಿಗೆ ಮರಳುವ ಮುಂಬಯಿಯ ಕನ್ನಡ ಮನೆಗಳಿಗೆ ಈ ಮಿತಿ ಸಾಲದು. ಆದರೆ ಹೆಚ್ಚುವರಿ ತೂಕವನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಕೊಂಡರೆ ಕೌಂಟರಿನಲ್ಲಿ ಕೊಡುವುದಕ್ಕಿಂತ ಅಗ್ಗ. ಹತ್ತು ಕಿಲೋ ಅಕ್ಕಿಗಾಗಿ ಬಿಸಿನೆಸ್ ಟಿಕೆಟ್ ಕೊಂಡರೆ ಆ ಅಕ್ಕಿಯ ಕಿಲೋ ಬೆಲೆ ಸಾವಿರ ದಾಟುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಹಾರತೊಡಗಿದಾಗಿನಿಂದ ನೀರಿಗೂ ದುಡ್ಡು ಕೊಡುವುದನ್ನು ನಾವು ಕಲಿತಿದ್ದೇವೆ, ಹಾಗಾಗಿ ಪಿಂಗಾಣಿ ತಟ್ಟೆಯಲ್ಲಿ ಬರುವ ಏನಾದರೂ ಮೊದಲ ನೋಟಕ್ಕೆ ಹಬ್ಬದೂಟದಂತೆ ಕಾಣುತ್ತದೆ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಬೆಳೆದ ನಾಲಿಗೆಗೆ ಮತ್ತೆ ಮತ್ತೆ ಬಿಸಿ ಮಾಡಿದ ವಡೆ ಪಿಂಗಾಣಿಯಲ್ಲಿ ಬಂದರೂ ವಡೆಯಲ್ಲ. ಏರ್ ಇಂಡಿಯಾದಲ್ಲಿ ಎಕಾನಮಿಯವರಿಗೂ ಬಿಸಿ ಊಟ ಇದೆ. ದೇಶದೊಳಗಿನ ಹಾರಾಟಗಳಲ್ಲಿ ಯಾವ ದರ್ಜೆಯವರಿಗೂ ಮದ್ಯ ಕೊಡುವುದಿಲ್ಲ ಎಂಬುದನ್ನು ಅದರ ಆಸೆಯಿಂದ ಮುಂದೆ ಕೂರಬೇಕೆನ್ನುವವರಿಗೆ ತಿಳಿಸುವುದು ಧರ್ಮ. ವಿಮಾನ ಎರಡು ಗಂಟೆಗೂ ಹೆಚ್ಚು ತಡವಾದರೆ, ಇಷ್ಟು ಚಿಕ್ಕ ಹಾರಾಟದಲ್ಲಿ, ಊಟ ಉಪಾಹಾರ ಒದಗಿಸಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವೇ ಇದೆ. ಅದು ಎಲ್ಲ ದರ್ಜೆಗಳಿಗೂ ಅನ್ವಯಿಸುತ್ತದೆ.

ಪ್ರೀಮಿಯಂ ಎಕಾನಮಿಯನ್ನು ದೇಶದೊಳಗಿನ ಹಾರಾಟಗಳಿಗೆ ತಂದದ್ದು 2015ರಲ್ಲಿ ಆರಂಭವಾದ ವಿಸ್ತಾರಾ, ಮತ್ತು ಬಹುಕಾಲ ನನ್ನ ಅಚ್ಚುಮೆಚ್ಚಿನ ಆಯ್ಕೆ ಅದೇ ಆಗಿತ್ತು. ಕಾಲಿಗೆ ಬೇಕಾದ ಜಾಗ, ಸ್ವಲ್ಪ ಮೊದಲೇ ಹತ್ತುವ ಅವಕಾಶ, ಬೆಲೆ ಎಕಾನಮಿಯ ಒಂದೂವರೆ ಪಟ್ಟು. ಹೊಸ ತೆರಿಗೆ ಇದರ ಮೇಲೆಯೇ ಹೆಚ್ಚು ಅನ್ಯಾಯವಾಗಿ ಬಿದ್ದಿದೆ ಎಂದು ನನ್ನ ಅಭಿಪ್ರಾಯ. ಮೂಲ ದರ ₹7,500 ಎಂದಾದರೆ ಮೊದಲು ₹900 ಇದ್ದ ತೆರಿಗೆ ಈಗ ₹1,350. ನಾಲ್ಕು ಅಂಗುಲ ಹೆಚ್ಚು ಜಾಗ ಕೇಳಿದವರನ್ನು ಬಿಸಿನೆಸ್ ಕ್ಲಾಸಿನವರ ಪಂಕ್ತಿಯಲ್ಲೇ ಕೂರಿಸಿ ಕರ ವಸೂಲಿ ಮಾಡುವುದು ಸರಿಯೆನಿಸುವುದಿಲ್ಲ. ಹೀಗಾಗಿ ಈಗ ತುರ್ತು ನಿರ್ಗಮನದ ಸಾಲು ಸಿಕ್ಕರೆ ಅದನ್ನೇ ಆರಿಸುತ್ತೇನೆ. ಸಿಗದಿದ್ದಾಗ, ಇಲ್ಲವೇ ಎಕಾನಮಿ ದರವೇ ಕೊನೆಯ ದಿನಗಳಲ್ಲಿ ಏರಿ ಅಂತರ ಕಿರಿದಾದಾಗ, ಪ್ರೀಮಿಯಂ ಎಕಾನಮಿ.

ಬಿಸಿನೆಸ್ ಆಸನವನ್ನು ಪೂರ್ತಿ ಬೆಲೆ ಕೊಡದೆ ಪಡೆಯುವ ದಾರಿಯೂ ಇದೆ. ಟಿಕೆಟ್ ಕೊಂಡ ಮೇಲೆ, ಪ್ರಯಾಣಕ್ಕೆ ಕೆಲವು ದಿನ ಮುಂಚೆ, ಮೇಲ್ದರ್ಜೆಗೆ ಹರಾಜು ಕೂಗುವಂತೆ ಮೇಲ್ ಬರುತ್ತದೆ. ತೆರೆದರೆ ಒಂದು ಗೀಟು, ಅದರ ಮೇಲೆ ಬೆರಳಿನಿಂದ ಸರಿಸುವ ಗುಂಡಿ. ಎಡದಲ್ಲಿ ಕೆಂಪು, ಬಲಕ್ಕೆ ಹೋದಂತೆ ಹಸಿರು. ಆ ಹಸಿರು ನಿಮ್ಮನ್ನು ಹೆಚ್ಚು ಕೂಗುವಂತೆ ಪುಸಲಾಯಿಸಲು ಇರುವುದೇ ಹೊರತು ಆಸನ ಖಾತ್ರಿಪಡಿಸಲು ಅಲ್ಲ. ಎಂಟೇ ಆಸನಗಳಿರುವ ವಿಮಾನದಲ್ಲಿ ಸೋಮವಾರದ ಮುಂಜಾನೆ, ಶುಕ್ರವಾರದ ಸಂಜೆ ಕೂಗುವುದು ವ್ಯರ್ಥ. ವಾರದ ನಡುವಿನ ಮಧ್ಯಾಹ್ನಗಳಲ್ಲಿ ಕನಿಷ್ಠ ಮೊತ್ತಕ್ಕೆ ಹತ್ತಿರ ಕೂಗಿಯೂ ನನಗೆ ಆಸನ ಸಿಕ್ಕಿದೆ. ಹಾಗೆ ಸಿಕ್ಕಾಗ ಎಕಾನಮಿಯ ಎರಡು ಪಟ್ಟಿನಷ್ಟರಲ್ಲಿ ಪ್ರಯಾಣ ಮುಗಿದಿರುತ್ತದೆ, ಅಷ್ಟಕ್ಕೆ ನನ್ನ ತಕರಾರಿಲ್ಲ.

ಇದಕ್ಕೆ ವಿರುದ್ಧವಾದ ಸಂದರ್ಭದ ನಿಯಮವನ್ನೂ ತಿಳಿದಿರಬೇಕು. ಬಿಸಿನೆಸ್ ಟಿಕೆಟ್ ಕೊಂಡವರನ್ನು ಸಂಸ್ಥೆಯೇ ತನ್ನ ಕಾರಣಕ್ಕೆ ಕೆಳದರ್ಜೆಗೆ ಇಳಿಸಿದರೆ, ದೇಶದೊಳಗಿನ ಹಾರಾಟದಲ್ಲಿ ತೆರಿಗೆಯೂ ಸೇರಿದಂತೆ ಟಿಕೆಟ್ಟಿನ ಬೆಲೆಯ ಶೇ 75ರಷ್ಟನ್ನು ಮರಳಿಸಬೇಕು. 2023ರ ಫೆಬ್ರವರಿ 15ರಿಂದ ಇದು ಜಾರಿಯಲ್ಲಿದೆ. ಆದರೆ ದರ್ಜೆ ಅದೇ ಇದ್ದು ವಿಮಾನ ಮಾತ್ರ ಬದಲಾದರೆ ಈ ನಿಯಮ ನೆರವಿಗೆ ಬರುವುದಿಲ್ಲ.

ಆ ಬದಲಾವಣೆ ಮುಖ್ಯವಾಗುವುದು ದೊಡ್ಡ ವಿಮಾನಗಳ ವಿಷಯದಲ್ಲಿ. ಏರ್ ಇಂಡಿಯಾ ತನ್ನ ಎ350 ವಿಮಾನವನ್ನು 2024ರ ಜನವರಿ 22ರಂದು ಮೊದಲ ಸಲ ಪ್ರಯಾಣಿಕರೊಂದಿಗೆ ಹಾರಿಸಿದ್ದು ಬೆಂಗಳೂರು–ಮುಂಬಯಿ ನಡುವೆಯೇ. ಅದರಲ್ಲಿ 28 ಬಿಸಿನೆಸ್ ಆಸನಗಳು, ಪ್ರತಿಯೊಂದೂ ಹಾಸಿಗೆಯಾಗುವಂಥದ್ದು, ಪ್ರತಿಯೊಂದರಿಂದಲೂ ನೇರವಾಗಿ ನಡುದಾರಿಗೆ ಇಳಿಯುವಂತೆ ಒಂದು–ಎರಡು–ಒಂದು ಎಂದು ಜೋಡಿಸಿದ್ದು. ಇಂಥ ಅಗಲದ ವಿಮಾನಗಳು ಈಗಲೂ ಆಗೊಮ್ಮೆ ಈಗೊಮ್ಮೆ ಮುಂಬಯಿ–ದೆಹಲಿ ಮಾರ್ಗದಲ್ಲಿ ಕಾಣಸಿಗುತ್ತವೆ, ದರ ಮಾತ್ರ ಎಷ್ಟೋ ಸಲ ಎ320ರ ಬಿಸಿನೆಸ್‌ನಷ್ಟೇ. ಟಿಕೆಟ್ ಕೊಳ್ಳುವ ಪುಟದಲ್ಲಿ ವಿಮಾನದ ಮಾದರಿಯನ್ನೂ ಆಸನಗಳ ನಕ್ಷೆಯನ್ನೂ ನೋಡಿ, ಮುಂಭಾಗದಲ್ಲಿ ಎರಡು ನಡುದಾರಿಗಳು ಕಂಡರೆ, ದೇಶದೊಳಗೆ ಬಿಸಿನೆಸ್ ಕ್ಲಾಸಿಗೆ ಸ್ವಂತ ಹಣ ಕೊಡಬಹುದಾದ ಸಂದರ್ಭ ಅದೇ ಎಂದು ನಾನು ಹೇಳುತ್ತೇನೆ.

ಇನ್ನೊಂದು ಸಂದರ್ಭ ಅಮ್ಮನದು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರನ್ನು ಮುಂಬಯಿಗೆ ಕರೆತಂದಾಗ ಬಿಸಿನೆಸ್ ಟಿಕೆಟ್ಟೇ ಕೊಂಡೆ. ವೀಲ್‌ಚೇರಿಗಾಗಿ ಅಲ್ಲ, ನಡೆಯಲಾಗದವರಿಗೆ ಆ ಸೇವೆ ಎಕಾನಮಿಯಲ್ಲೂ ಉಚಿತವಾಗಿಯೇ ಸಿಗುತ್ತದೆ, ಟಿಕೆಟ್ ಕೊಳ್ಳುವಾಗಲೇ ಕೇಳಿಕೊಂಡಿರಬೇಕು ಅಷ್ಟೇ. ತುರ್ತು ನಿರ್ಗಮನದ ಸಾಲು ಅವರಿಗೆ ನಿಷಿದ್ಧ, ಮೊದಲ ಸಾಲಿನ ಮೇಲೇಳದ ಕೈಯಾನಿಕೆಯಿಂದ ಪಕ್ಕಕ್ಕೆ ಸರಿಯುವುದು ಕಷ್ಟ. ಬಿಸಿನೆಸ್‌ನಲ್ಲಿ ಅವರು ಕಾಲನ್ನು ಪೂರ್ತಿ ಮುಂದಕ್ಕೆ ಚಾಚಿಟ್ಟುಕೊಂಡರು, ನಾಲ್ಕು ಹೆಜ್ಜೆ ದೂರದಲ್ಲಿದ್ದ ಶೌಚಾಲಯಕ್ಕೆ ನನ್ನ ಕೈ ಹಿಡಿಯದೆ ಹೋಗಿಬಂದರು. ಟಿಕೆಟ್ಟಿನ ಬೆಲೆ ಕೇಳಿದಾಗ ನಾನು ಅರ್ಧ ಹೇಳಿದೆ, ಅದಕ್ಕೂ ಬೈದರು.

ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗೆ ಹೋಗುವ ಬಹುಪಾಲು ಮುಂಬಯಿ ಕನ್ನಡಿಗರಿಗೆ ಈ ಆಯ್ಕೆಗಳೆಲ್ಲ ಒಟ್ಟಿಗೆ ಎದುರಾಗುವುದೇ ಅಪರೂಪ. ಸ್ಟಾರ್ ಏರ್‌ನ ಎಂಬ್ರೇರ್ 175ರಲ್ಲಿ 12 ಬಿಸಿನೆಸ್ ಆಸನಗಳಿವೆಯಾದರೂ ಅದು ಯಾವ ಮಾರ್ಗಕ್ಕೆ ಯಾವ ದಿನ ಬರುತ್ತದೆಂದು ನೋಡಿಯೇ ಟಿಕೆಟ್ ಕೊಳ್ಳಬೇಕು. ಇಂಡಿಗೋದ 78 ಆಸನಗಳ ಪುಟ್ಟ ಪ್ರೊಪೆಲ್ಲರ್ ವಿಮಾನ ಎಟಿಆರ್‌ನಲ್ಲಿ ಮುಂಭಾಗ ಎಂಬುದೇ ಇಲ್ಲ. ಆ ಎಟಿಆರ್‌ನಲ್ಲಿ ಬದಿಗೆ ಎರಡೇ ಆಸನಗಳಾದ್ದರಿಂದ ನಡುವಿನ ಆಸನದ ಕಾಟ ಯಾರಿಗೂ ಇಲ್ಲ, ಹತ್ತುವುದು ಇಳಿಯುವುದು ಸಾಮಾನ್ಯವಾಗಿ ಹಿಂದಿನ ಬಾಗಿಲಿನಿಂದ. ಬೇಗ ಇಳಿಯಬೇಕೆನ್ನುವವರು ಅದರಲ್ಲಿ ಕೊನೆಯ ಸಾಲುಗಳನ್ನು ಆರಿಸಿಕೊಳ್ಳಬೇಕು, ಅವುಗಳಿಗೆ ಸಾಮಾನ್ಯವಾಗಿ ಮುಂದಿನ ಸಾಲುಗಳಿಗಿಂತ ಶುಲ್ಕವೂ ಕಡಿಮೆ.